ಹತ್ತರಲ್ಲಿ ಒಬ್ಬ

ಕುರಿ ವರ್ಷ, ಶರತ್ಕಾಲದ ನಡು ತಿಂಗಳು, ಆರು. ಬೆಳಗ್ಗೆ, ಮೊಲದ ಹೊತ್ತು

ಕುದುರೆಗಳ ಹಾಲು ಕರೆದದ್ದಾಯಿತು. ಬೂದು ಕುದುರೆ ಇವತ್ತೂ ಒದ್ದಿತು. ಹೆಂಡತಿ ತೀರಿಹೋದ ಮೇಲೆ, ಹಾಲು ಕರೆಯುವಾಗ ಮರಿ ಹಿಡಿದುಕೊಳ್ಳುವವಳು ಮಗಳು ಅಲ್ತನಿ. ಎದುರಿಗೆ ನಮ್ಮ ದಂಡು ಮುತ್ತಿರುವ ಜಿನ್ ಅರಸನ ಕೋಟೆ. ಇನ್ನೂ ಬಿದ್ದಿಲ್ಲ.

ನಿನ್ನೆ ಹುಡುಗರಿಬ್ಬರೂ ಊಟಕ್ಕೆ ಬಂದಿದ್ದರು — ಮಗ ಬುಖಾತೈ, ಅಳಿಯನಾಗಬೇಕಾದ ಇಲುಗೆ. ಅಲ್ತನಿಯೊಂದಿಗೆ ಮದುವೆ ಮಾತಾದಾಗ ಇಲುಗೆ ಚಿಕ್ಕವನು. ಅವನಪ್ಪ ಪದ್ಧತಿಯಂತೆ ನಮ್ಮ ಗುಡಾರದಲ್ಲೇ ಬಿಟ್ಟುಹೋದ. ಇಬ್ಬರೂ ಒಂದೇ ಬಟ್ಟಲಲ್ಲಿ ಉಂಡು ಬೆಳೆದರು. ಈಗ ಒಂದೇ ಹತ್ತಾಳಿನ ತಂಡದಲ್ಲಿದ್ದಾರೆ.

"ಮಾವ, ಗೋಡೆ ಮೇಲಿಂದ ಕಾದ ಎಣ್ಣೆ ಸುರೀತಾರೆ," ಎಂದ ಇಲುಗೆ. ಬಟ್ಟಲು ಮುಟ್ಟಿರಲಿಲ್ಲ.

"ಸುರೀಲಿ ಬಿಡೋ. ನಿನ್ನ ಜಡೆ ಎಣ್ಣೆ ಕಂಡು ಎಷ್ಟು ದಿನ ಆಯ್ತು!" ಎಂದ ಮಗ.

ನಕ್ಕೆವು. ಅಲ್ತನಿ ನಗಲಿಲ್ಲ.

ಎಂಟು. ಮಧ್ಯಾಹ್ನ

ಇಲುಗೆ ಓಡಿಹೋಗಿದ್ದಾನೆ.

ಹತ್ತರಲ್ಲಿ ಒಬ್ಬ ಓಡಿದರೆ ಉಳಿದವರ ತಲೆ ಹೋಗುತ್ತದೆ. ಮಕ್ಕಳಿಗೂ ಗೊತ್ತಿರುವ ಕಟ್ಟಳೆ. ಬುಖಾತೈ ಸೇರಿ ಒಂಬತ್ತು ಜನರ ಕೈ ಕಟ್ಟಿ ಕೂರಿಸಿದ್ದಾರೆ. ನಾಳೆ ಸಂಜೆಯೊಳಗೆ ಅವನು ಸಿಕ್ಕರೆ ಅವನೊಬ್ಬನದೇ ತಲೆ... ನೂರಾಳಿನ ನಾಯಕ ಅಷ್ಟು ಕರುಣೆ ತೋರಿಸಿದ.

ನನ್ನ ಕಂದು ಕುದುರೆಯೂ ಇಲ್ಲ. "ಹಗ್ಗ ಬಿಚ್ಕೊಂಡು ಹೋಗಿರಬೇಕು ಅಪ್ಪ," ಎಂದಳು ಅಲ್ತನಿ. ಗುಡಾರದೊಳಗಿದ್ದ ತಡಿಯೂ ಇಲ್ಲ. ಕುದುರೆ ತಾನೇ ತಡಿ ಹಾಕಿಕೊಳ್ಳುತ್ತದೆಯೇ?

"ನೀನೇ ಕೊಟ್ಟೆಯಾ?"

"ಹ್ಞೂಂ."

"ನಿನ್ನ ಅಣ್ಣನ ಗತಿ?"

"ಗೋಡೆ ಹತ್ತೋಕೆ ಆಳು ಬೇಕು, ಕೊಲ್ಲಲ್ಲ, ನಾಕು ಏಟು ಹೊಡೆದು ಬಿಡ್ತಾರೆ ಅಂದ ಅವನು."

"ಯಾವ ಕಡೆ ಹೋದ? ಹೇಳು ತಾಯಿ."

ತುಂಬ ಹೊತ್ತು ಅತ್ತಳು. "ಪಶ್ಚಿಮಕ್ಕೆ. ಉಪ್ಪಿನ ಕೆರೆ ದಾರಿ."

ನಾಯಕನಲ್ಲಿಗೆ ಓಡಿದೆ. ಇಲುಗೆ ಕುದುರೆ ಕದ್ದ, ಪಶ್ಚಿಮಕ್ಕೆ ಹೋದದ್ದನ್ನು ನಾನೇ ಕಂಡೆ ಎಂದೆ. ಮಗಳ ಹೆಸರು ಎತ್ತಲಿಲ್ಲ. ಎತ್ತಿದರೆ ಅವಳ ತಲೆಯೂ ಉಳಿಯುವುದಿಲ್ಲ.

ಒಂಬತ್ತು. ಸಂಜೆ

ಸವಾರರು ಬರಿಗೈಯಲ್ಲಿ ಬಂದರು. ಕೆರೆಯ ಸುತ್ತ ಮೆತ್ತನೆಯ ಮಣ್ಣು. ಒಂದು ಗೊರಸಿನ ಗುರುತೂ ಇಲ್ಲವಂತೆ.

ಅಲ್ತನಿಯನ್ನು ಕೇಳಿದೆ. ಈಗ ಅಳುತ್ತಿರಲಿಲ್ಲ. "ಉತ್ತರಕ್ಕೆ ಹೋದ. ಇನ್ನು ಸಿಗಲ್ಲ."

ಮಗನನ್ನು ನೋಡಲು ಬಿಟ್ಟರು. ಹುಳಿಹಾಲು ಕುಡಿಸಿದೆ.

"ಸಿಕ್ಕಿದ್ನಾ ಅಪ್ಪ?"

"ಸಿಗ್ತಾನೆ."

"ಸಿಗ್ಲಿ, ನಾನೇ ಎರಡು ಬಿಡ್ತೀನಿ. ಕಂದು ಕುದುರೇನೇ ಬೇಕಿತ್ತಾ ಕಳ್ಳನಿಗೆ!" ಇನ್ನೊಂದು ಗುಟುಕು ಕುಡಿದ. ಆಮೇಲೆ, "ಅಲ್ತನೀನ ಬೈಬೇಡಪ್ಪ. ಪಾಪ, ಅವಳಿಗೇನು ಗೊತ್ತು."

ಬೈಯುವುದಿಲ್ಲ ಎಂದೆ.

ಹದಿನಾಲ್ಕು

ಬರೆಯಲು ಆಗಿರಲಿಲ್ಲ. ಒಂಬತ್ತು ಜನರನ್ನೂ...

ಮಗನನ್ನು ಹುಲ್ಲಿನ ಕೆಳಗೆ ಹೂತೆ. ನಮ್ಮ ಪದ್ಧತಿಯಂತೆ ಮೇಲೆ ಕುದುರೆ ಓಡಿಸಿ ಗುರುತು ಅಳಿಸಿದೆವು. ಅವನ ಅಮ್ಮ ಮಲಗಿರುವುದು ಇಲ್ಲಿಂದ ಬಹಳ ದೂರ.

ಮಗಳು ಬೇಯಿಸುತ್ತಾಳೆ. ಮುಂದಿಟ್ಟರೆ ಉಣ್ಣುತ್ತೇನೆ. ನಾಯಕನಿಗೆ ಒಂದು ಮಾತು ಹೇಳಿದರೆ ಸಾಕು. ಅವನ ಬಾಗಿಲ ತನಕ ಹೋಗಿ ತಿರುಗಿ ಬಂದೆ. ನನಗೆ ಇನ್ನು ಇರುವವಳು ಇವಳೊಬ್ಬಳೇ — ಇವಳಿಂದಲೇ ಮಗ ಹೋದದ್ದು.

ಇವತ್ತು "ಅಪ್ಪ" ಎಂದು ಕರೆದಳು. ಓಗೊಡಲಿಲ್ಲ.

ಕೋಟೆ ಬಿತ್ತು. ನಾಳೆ ಬೀಡು ನದಿ ದಾಟುತ್ತದೆ. ಗಾಡಿ ಹೊಡೆಯುವವಳು ಅಲ್ತನಿ.