ಊರೆಲ್ಲ ನೋಡಿದ ಚಿರತೆ

ತೋಟದ ಮನೆ, ಉಗಾರ ಖುರ್ದ
ತಾ. ಅಥಣಿ
೯-೨-೧೯೯೪, ಬುಧವಾರ

ಪ್ರೀತಿಯ ಸುಗಂಧಕ್ಕಾ,

ಜಯ ಜಿನೇಂದ್ರ. ನಿನ್ನ ಮೊಣಕಾಲ ನೋವು ಹೇಗಿದೆ? ಒಪ್ಪತ್ತಿನ ಊಟ ಶುರುಮಾಡಿದ ಮೇಲೆ ಇನ್ನಷ್ಟು ಸೊರಗಿದ್ದೀ ಅಂತ ಆಶ್ರಮಕ್ಕೆ ಹೋಗಿ ಬಂದವರು ಹೇಳಿದರು. ಕುಸುಮ ಮೆಂತ್ಯ ಹಾಕಿ ಕಾಯಿಸಿದ ಎಣ್ಣೆ ಕೊಟ್ಟು ಕಳಿಸಿದ್ದಾಳೆ. ನೀನು ಅದನ್ನು ಪಕ್ಕದ ಕೋಣೆಯ ಮುದುಕಿಗೆ ಕೊಟ್ಟುಬಿಡುತ್ತೀ ಅಂತಲೂ ಅವಳಿಗೆ ಗೊತ್ತು, ಅದಕ್ಕೇ ಬಾಟಲಿ ದೊಡ್ಡದಿದೆ. ಫಾಲ್ಗುಣದಲ್ಲಿ ದೀಕ್ಷೆ ಆದ ಮೇಲೆ ನಿನ್ನನ್ನು ಅಕ್ಕಾ ಅನ್ನುವಂತಿಲ್ಲ, ಮಾತಾಜಿ ಅನ್ನಬೇಕು. ಹೀಗೆ ಮನೆಯ ಸುದ್ದಿ ಬರೆದು ಕಳಿಸುವುದೂ ಅಲ್ಲಿಗೆ ಮುಗಿಯಿತು. ಆದ್ದರಿಂದ ಈ ಪತ್ರದಲ್ಲಿ ಬಾಯ್ತುಂಬ ಅಕ್ಕಾ ಅಂದುಬಿಡುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ಇಲ್ಲಿ ತಯಾರಿ ಜೋರಾಗಿದೆ. ಬಸದಿಯ ಮುಂದೆ ಮಂಟಪ ಹಾಕುವುದು ಗೊತ್ತಾಗಿದೆ. ಬಾಹುಬಲಿ ಕಾಕಾ ಅಂತೂ ತನ್ನ ಮಗನ ಮದುವೆಯಲ್ಲೂ ಇಷ್ಟು ಓಡಾಡಿರಲಿಲ್ಲ. ಅಪ್ಪ ಇಲ್ಲದ ಕಾರಣ ನಾನು ಮತ್ತು ಕುಸುಮ ನಿನ್ನ ಧರ್ಮದ ತಂದೆತಾಯಿಯಾಗಿ ಕೂರಬೇಕು, ಗುರುಗಳ ಎದುರು ನಿನ್ನ ಕೈಗೆ ಪಿಂಛಿಯನ್ನು ನಾನೇ ಒಪ್ಪಿಸಬೇಕು ಅಂತ ಸಮಾಜದವರು ಸಭೆಯಲ್ಲಿ ನಿರ್ಧರಿಸಿದ್ದಾರೆ. ನಿನ್ನ ಬೆನ್ನ ಮೇಲೆ ಕೂತು ಬೆಳೆದವನು ನಿನಗೆ ತಂದೆಯಾಗಬೇಕಂತೆ ನೋಡು. ನಗು ಬರುವ ಮಾತು, ಆದರೆ ನನಗೆ ನಗು ಬರುತ್ತಿಲ್ಲ. ನಾನು ಈ ಪತ್ರ ಬರೆಯುತ್ತಿರುವುದೇ ಅದು ಆಗಬಾರದು ಅಂತ ಹೇಳಲು. ಕೂರುವ ಮೊದಲು ನೆಲದ ಮೇಲಿನ ಇರುವೆಯನ್ನು ನೋಯಿಸದೆ ಸರಿಸುವ ನವಿಲುಗರಿ ಅದು. ನನ್ನ ಕೈಯಿಂದ ನಿನ್ನ ಕೈಗೆ ಬರಬಾರದು. ಯಾಕೆ ಅಂತ ಹೇಳುತ್ತೇನೆ, ಆದರೆ ಚಿರತೆಯ ಸುದ್ದಿಯಿಂದಲೇ ಶುರುಮಾಡಬೇಕು.

ದೀಪಾವಳಿ ಆದ ಮೇಲೆ ನಮ್ಮ ಸೀಮೆಗೆ ಚಿರತೆ ಬಂದಿದೆ ಅಂತ ಗುಲ್ಲೆದ್ದಿತು. ಮೊದಲು ನೋಡಿದವನು ನಮ್ಮ ಬದುವಿನ ಆಚೆಯ ಮುರಗೆಪ್ಪ. ಕಾಗವಾಡದಿಂದ ಮೋಟರಸೈಕಲ್ಲಿನಲ್ಲಿ ಬರುವಾಗ ದಾರಿಯಲ್ಲಿ ಅಡ್ಡ ಮಲಗಿತ್ತಂತೆ. ಮನೆಗೆ ಬಂದು ಹೇಳಿದಾಗ ಅದು ನಾಯಿಯಷ್ಟಿತ್ತು. ಚಹಾದಂಗಡಿಗೆ ಬರುವಷ್ಟರಲ್ಲಿ ಕರುವಿನಷ್ಟಾಯಿತು, ಸಂತೆಯ ದಿನ ಹೋರಿಯಷ್ಟು. ಆಮೇಲೆ ರಾಯಬಾಗ ಬಸ್ಸಿನವರೆಲ್ಲ ಕಿಟಕಿಯಿಂದ ನೋಡಿದರು. ಆ ಬಸ್ಸಿನಲ್ಲಿ ಅಷ್ಟು ಜನ ಹಿಡಿಯುವುದೇ ಇಲ್ಲ, ಆದರೂ ನೋಡಿದವರು ಮಾತ್ರ ದಿನದಿನಕ್ಕೆ ಹೆಚ್ಚಿದರು. ಸಕ್ಕುಬಾಯಿ ತನ್ನ ಹಿತ್ತಲಲ್ಲಿ ಪಟ್ಟೆ ಇರುವುದನ್ನೇ ಕಂಡಳು. ಚಿರತೆಗೆ ಪಟ್ಟೆ ಎಲ್ಲಿಂದ ಬಂತವ್ವಾ ಅಂದರೆ, "ನಾ ಏನ ಅದರ ಮೈ ತಿಕ್ಕಾಕ ಹೋಗಿದ್ನೇನ?" ಅಂತ ನನ್ನ ಮೇಲೇ ಏರಿ ಬಂದಳು. ವಿರುಪಾಕ್ಷಪ್ಪನ ಮೇಕೆಯನ್ನು ಚಿರತೆ ತಿಂದಿತು ಅಂತ ಊರೇ ಮರುಗಿತು. ಅದು ಅವನ ಬೀಗರ ಮನೆಯಲ್ಲಿ ಸೊಪ್ಪು ಮೇಯುತ್ತಿತ್ತು. ಬೆಳಗ್ಗೆ ತಂಬಿಗೆ ಹಿಡಿದು ಹೊರಡುವ ಗಂಡಸರು ಗುಂಪು ಕಟ್ಟಿಕೊಂಡು ಹೋಗತೊಡಗಿದರು. ನಿನಗೆ ಬರೆಯುವ ಮಾತಲ್ಲ ಇದು, ಕ್ಷಮಿಸು, ಆದರೆ ಆ ಮೆರವಣಿಗೆ ನೋಡುವಂತಿತ್ತು. ಅರಣ್ಯದವರು ಬಂದು ಹೆಜ್ಜೆ ನೋಡಿ ನಾಯಿಯದು ಅಂತ ಹೇಳಿ ಹೋದರು. ಎಲ್ಲರಿಗಿಂತ ಹೆಚ್ಚು ನಕ್ಕವನು ನಾನು. ಚಹಾದಂಗಡಿಯಲ್ಲಿ ಕೂತು ಒಬ್ಬೊಬ್ಬರನ್ನೂ ಕರೆದು, ಬಾಲ ಎಷ್ಟುದ್ದ ಇತ್ತು, ಮೀಸೆ ತಿರುವಿತ್ತೋ ಇಲ್ಲವೋ ಅಂತ ಕೇಳಿ ಮಾನ ಕಳೆಯುತ್ತಿದ್ದೆ. ಊರಲ್ಲಿ ಚಿರತೆ ನೋಡದ ಜಾಣ ನಾನೊಬ್ಬನೇ ಅಂತ ನನಗೆ ಹೆಮ್ಮೆ.

ಅಕ್ಕಾ, ಆಮೇಲೆ ನಾನು ಅದನ್ನು ನೋಡಿದೆ. ಪುಷ್ಯ ಮಾಸ, ಚುಮುಚುಮು ಬೆಳಕು. ಕರೆಂಟು ಬಂದಿತ್ತು, ಮೋಟರು ಹಚ್ಚಲು ಬಾವಿಯ ಕಡೆ ಹೊರಟಿದ್ದೆ. ಕಾಲುವೆಯ ದಂಡೆಯ ಮೇಲಿಂದ ಇಳಿದು ಬಂತು. ಹೋರಿಯಷ್ಟೂ ಇರಲಿಲ್ಲ, ಕರುವಿನಷ್ಟೂ ಇರಲಿಲ್ಲ. ಬಡಕಲು ಹೆಣ್ಣು, ಹೊಟ್ಟೆಯ ಕೆಳಗೆ ಮೊಲೆ ಜೋತಿದ್ದವು. ಬಾಯಲ್ಲಿ ಒಂದು ಮರಿ ಇತ್ತು. ಮರಿಯ ಕಾಲು ಸುಮ್ಮನೆ ಇಳಿಬಿದ್ದಿದ್ದವು, ನಿದ್ದೆ ಮಾಡುವ ಕೂಸಿನ ಕಾಲಿನ ಹಾಗೆ. ಅದು ನಿಂತು ನನ್ನನ್ನು ನೋಡಿತು. ಗುರ್ರೆನ್ನಲಿಲ್ಲ, ಬಾಯಲ್ಲಿ ಮರಿ ಇತ್ತಲ್ಲ. ನಂತರ ಬಾವಿಯ ಪಕ್ಕದ ನಮ್ಮ ಕಬ್ಬಿನೊಳಗೆ ಹೋಯಿತು. ಒಳಗಿನಿಂದ ಇನ್ನೊಂದು ಮರಿ ಕುಂಯ್ ಅಂದದ್ದೂ ಕೇಳಿಸಿತು. ಹೆದರಿದ್ದೆ ನಿಜ, ಆದರೆ ಬರೀ ಹೆದರಿಕೆಯಲ್ಲ ಅದು. ಅಷ್ಟು ಚೆಂದದ್ದನ್ನು ನಾನು ಎಂದೂ ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಮನೆಗೆ ಬಂದಾಗ ಕುಸುಮ, "ಯಾಕ್ರೀ, ಮಾರಿ ಹಿಂಗ್ಯಾಕ ಆಗೇತಿ?" ಅಂದಳು. ಥಂಡಿ ಅಂದೆ.

ಯಾಕೆ ಹೇಳಲಿಲ್ಲ? ಎರಡು ಕಾರಣ, ಎರಡೂ ಸಣ್ಣವು. ಒಂದು, ಅಷ್ಟು ದಿನ ಎಲ್ಲರನ್ನೂ ಆಡಿಕೊಂಡವನು ಈಗ ನಾನೂ ನೋಡಿದೆ ಅಂದರೆ ಚಹಾದಂಗಡಿಯಲ್ಲಿ ತಲೆಯೆತ್ತುವಂತಿರಲಿಲ್ಲ. ಇನ್ನೊಂದು, ಆ ವಾರವೇ ಫ್ಯಾಕ್ಟರಿಯಿಂದ ನಮ್ಮ ಕಬ್ಬು ಕಡಿಯುವ ಪಾಳಿ ಬರುವುದಿತ್ತು. ಒಳಗೆ ಮರಿ ಇವೆ ಅಂತ ಗೊತ್ತಾದರೆ ಕಡಿಯುವ ಟೋಳಿ ಬೇರೆಯವರ ಹೊಲಕ್ಕೆ ಹೋಗಿಬಿಡುತ್ತಿತ್ತು. ಕಬ್ಬು ಆಗಲೇ ತುರಾಯಿ ಬಿಟ್ಟಿತ್ತು. ಕೆಲವು ದಿನ ಬಿಟ್ಟಿದ್ದರೆ ಏನಾಗುತ್ತಿತ್ತು? ಒಣಗಿ ತೂಕ ಕಡಿಮೆಯಾಗುತ್ತಿತ್ತು, ಅಷ್ಟೇ. ನಾವೇನು ಉಪವಾಸ ಬೀಳುತ್ತಿರಲಿಲ್ಲ.

ಟೋಳಿ ಬಂತು. ಮಹಾರಾಷ್ಟ್ರದ ಬೀಡ ಕಡೆಯವರು, ಟೋಳಿ ನಡೆಸುವ ಮುಕಾದಮ ಆಬಾಸಾಹೇಬ, ಅವನ ಹೆಂಡತಿ ಸೋನಾಬಾಯಿ, ಹಾಗೇ ಹತ್ತಾರು ಜನ. ಅವರಿಗೂ ಸುದ್ದಿ ಮುಟ್ಟಿತ್ತು. ಬದುವಿನ ಮೇಲೆ ಜೋಳಿಗೆ ಕಟ್ಟಿ ಕೂಸನ್ನು ಮಲಗಿಸಬೇಕಾದ ಸೋನಾಬಾಯಿ, ಬಿಬಟ್ಯಾ (ಚಿರತೆಗೆ ಅವರು ಹಾಗನ್ನುತ್ತಾರೆ) ಇರುವಲ್ಲಿ ಕೂಸು ಬಿಟ್ಟು ಒಳಗೆ ಹೋಗುವುದಿಲ್ಲ ಅಂತ ಕೂತಳು. ಆಬಾಸಾಹೇಬ ನನ್ನ ಹತ್ತಿರ ಬಂದ. "ಮಾಲಕ, ಮಂದಿ ನೂರಾ ಎಂಟ ಹೇಳತಾರ. ನೀವು ಸುಳ್ಳ ಹೇಳೋ ಮನಿಯವರಲ್ಲ. ಖರೆ ಹೇಳ್ರಿ, ನೀವು ನೋಡೀರೇನು?" ಅಂತ ಕೇಳಿದ. "ಇಲ್ಲಪಾ, ನಾ ಏನೂ ನೋಡಿಲ್ಲ" ಅಂದೆ. ಊರೆಲ್ಲ ನೋಡದೆ ನೋಡಿದೆ ಅಂತು. ನೋಡಿದವನು ನಾನೊಬ್ಬ, ನೋಡಿಲ್ಲ ಅಂದೆ.

ಆದರೂ ಅವರಿಗೆ ಧೈರ್ಯ ಬರಲಿಲ್ಲ. "ಹಂಗಾರ ಒಂದು ಸಲ ರವದಿ ಸುಟ್ಟು ಬಿಡೂಣ್ರಿ. ಒಳಗ ಏನಿದ್ರೂ ಓಡಿ ಹೋಗತೈತಿ. ಆಮ್ಯಾಲ ಕಡೀತೀವಿ" ಅಂದ. ಕಬ್ಬಿನ ಒಣಗಿದ ಗರಿಗೆ ಬೆಂಕಿ ಹಚ್ಚಿ ಆಮೇಲೆ ಕಡಿಯುವುದು ಇಲ್ಲಿ ಹೊಸದಲ್ಲ, ಆದರೆ ನಮ್ಮ ಮನೆಯ ಹೊಲದಲ್ಲಿ ಎಂದೂ ಆಗಿರಲಿಲ್ಲ. ಆಗ ನಾನು ಅಪ್ಪನ ಮಾತನ್ನು ಆಡಿದೆ. ನಿನಗೆ ನೆನಪಿರಬೇಕು. ಕಣದಲ್ಲಿ ಇಲಿ ಹೆಚ್ಚಾದಾಗ, ದನದ ಕೊಟ್ಟಿಗೆಯಲ್ಲಿ ಹಾವು ಹೊಕ್ಕಾಗ, ಆಳುಗಳು ಬಂದು ಏನು ಮಾಡೋಣ ಅಂತ ಕೇಳಿದರೆ ಅಪ್ಪ ಕೊಲ್ಲಿ ಅನ್ನುತ್ತಿರಲಿಲ್ಲ. "ನಿಮಗ ತಿಳದಂಗ ಮಾಡ್ರಿ" ಅಂದು, ಕಾಲು ತೊಳೆದು ಬಸದಿಗೆ ಹೊರಟುಬಿಡುತ್ತಿದ್ದರು. ತಿರುಗಿ ಬರುವಷ್ಟರಲ್ಲಿ ಎಲ್ಲ ಸ್ವಚ್ಛವಾಗಿರುತ್ತಿತ್ತು. ನಮ್ಮವರ ಎಷ್ಟು ಮನೆಗಳಲ್ಲಿ ಈ ಮಾತು ನಡೆಯುತ್ತದೆ! ಬಾಯಿ ಶುದ್ಧ, ಕೈ ಶುದ್ಧ, ಹೊಲವೂ ಶುದ್ಧ. ನೀನು ಮಾತ್ರ ಒಮ್ಮೆ ಅಪ್ಪನ ಧೋತರದ ತುದಿ ಹಿಡಿದು, "ಅವರಿಗೆ ಏನ ತಿಳದೈತಿ ಅಂತ ನಿಮಗ ಗೊತ್ತಲ್ಲ?" ಅಂತ ಕೇಳಿದ್ದೆ. ಅಪ್ಪ ಧೋತರ ಬಿಡಿಸಿಕೊಂಡು ಬಸದಿಗೆ ನಡೆದಿದ್ದರು. ನೀನು ಆಶ್ರಮದ ದಾರಿ ಹಿಡಿದದ್ದು ಅಂದೇ ಇರಬೇಕು ಅಂತ ನನಗೆ ಈಗ ಅನ್ನಿಸುತ್ತದೆ.

"ನಿಮಗ ತಿಳದಂಗ ಮಾಡ್ರಿ" ಅಂದು ನಾನು ಕಾಲು ತೊಳೆದು ಬಸದಿಗೆ ಹೋದೆ. ತಾಯಿ ಇದೆಯಲ್ಲ, ಎತ್ತಿಕೊಂಡು ಹೋಗುತ್ತದೆ ಅಂತ ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಮಧ್ಯಾಹ್ನ ಇಳಿಹೊತ್ತಿನಲ್ಲಿ ಹೊಗೆ ಎದ್ದಿತು. ಬಸದಿಯ ಬಾಗಿಲಲ್ಲಿ ಯಾರೋ, "ಯಾರದೋ ಕಬ್ಬು ಸುಡಾಕತ್ತಾರ ನೋಡು" ಅಂದರು. ನಾನು ಕಣ್ಣು ಮುಚ್ಚಿ ಜಪ ಮುಂದುವರಿಸಿದೆ. ಣಮೋಕಾರದ ಒಂದಕ್ಷರವೂ ತಪ್ಪಲಿಲ್ಲ ಅಕ್ಕಾ. ಅದನ್ನು ನೆನೆದರೆ ಈಗ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನ್ನಿಸುತ್ತದೆ.

ಮರುದಿನ ಕಡಿಯುವಾಗ ಬಾವಿಯ ಕಡೆಯ ಮೂಲೆಯಲ್ಲಿ ಅವು ಸಿಕ್ಕವು. ಎರಡೂ ಒಂದಕ್ಕೊಂದು ಒತ್ತಿಕೊಂಡಿದ್ದವು. ತಾಯಿ ಬೇಟೆಗೆ ಹೋಗಿರಬೇಕು, ಬೆಂಕಿ ದಾಟಿ ಬರಲಾಗಿಲ್ಲ. ಸೋನಾಬಾಯಿಗೇ ಮೊದಲು ಕಂಡವು. ನನ್ನನ್ನು ಕರೆದು, "ಮಾಲಕ, ಲೇಕರಂ ಆಹೇತ ಹೋ, ಮಕ್ಕಳದಾವ್ರಿ ಇವು" ಅಂದಳು. ನಾನು ಏನಂದೆ ಗೊತ್ತೇ? ಕಾಡುಬೆಕ್ಕಿನ ಮರಿ ಇರಬೇಕು ಅಂದೆ. ಒಂದರ ಬೆನ್ನ ಮೇಲೆ ಬೆಂಕಿ ತಾಗದ ಜಾಗದಲ್ಲಿ ಚುಕ್ಕಿಗಳು ಎದ್ದು ಕಾಣುತ್ತಿದ್ದವು. ಅವಳು ಚುಕ್ಕಿ ನೋಡಿದಳು, ನನ್ನ ಮುಖ ನೋಡಿದಳು. ಜೋಳಿಗೆಯಲ್ಲಿ ಕೂಸಿನ ಕೆಳಗೆ ಹಾಸಿದ್ದ ಬಟ್ಟೆಯನ್ನು ತೆಗೆದು ಅವುಗಳ ಮೇಲೆ ಮುಚ್ಚಿದಳು. ಕಬ್ಬು ಕಡಿಯುವ ಕೊಯ್ತಾದಿಂದಲೇ ನೆಲ ಕೆದರಿ ಮಣ್ಣು ಮಾಡಿದಳು. ನಾನು ಬೆನ್ನ ಹಿಂದೆ ಕೈ ಕಟ್ಟಿಕೊಂಡು ನಿಂತಿದ್ದೆ. ಕೈ ಶುದ್ಧವಾಗಿತ್ತಲ್ಲ.

ಈಗ ತಾಯಿ ದಿನಾ ಬರುತ್ತದೆ. ನಾವು ಹೊತ್ತು ಮುಳುಗುವ ಮೊದಲು ಊಟ ಮುಗಿಸಿ ಏಳುವಾಗ ಬೋಳು ಹೊಲದಿಂದ ಸಪ್ಪಳ ಕೇಳುತ್ತದೆ, ಗರಗಸದಲ್ಲಿ ಕಟ್ಟಿಗೆ ಕೊಯ್ದ ಹಾಗೆ. ಕೂಗುತ್ತದೆ, ನಿಲ್ಲಿಸಿ ಕಾಯುತ್ತದೆ, ಮತ್ತೆ ಕೂಗುತ್ತದೆ. ಕುಸುಮ ಏನದು ಅಂತ ಕೇಳಿದರೆ ಫ್ಯಾಕ್ಟರಿಯ ಸಪ್ಪಳ ಅಂದಿದ್ದೇನೆ. ನೀನು ಮನೆಯಲ್ಲಿದ್ದಾಗ ನೀರು ಸೋಸಿದ ಬಟ್ಟೆಯನ್ನು ಜಾಡಿಸಿ ಬಿಡದೆ, ತೊಳೆದ ನೀರನ್ನು ತಿರುಗಿ ಬಾವಿಗೇ ಇಳಿಸಿ ಬರುತ್ತಿದ್ದೆ. "ಯಾವ ಬಾವಿ ಜೀವ ಆ ಬಾವಿಗೇ ಹೋಗಬೇಕು" ಅನ್ನುತ್ತಿದ್ದೆ. ಅದೇ ಬಾವಿಯ ದಂಡೆಯ ಮೇಲೆ ಅದು ಕೂಗುತ್ತದೆ ಅಕ್ಕಾ. ಅದಕ್ಕೆ ನಾನು ಏನನ್ನು ತಿರುಗಿ ಕೊಡಲಿ?

ಕಾಡುಬೆಕ್ಕಿನ ಮರಿ ಸುಟ್ಟವು ಅನ್ನುವ ಸುದ್ದಿ ಕೇಳಿ ಬಾಹುಬಲಿ ಕಾಕಾ ನನಗೆ ಸಮಾಧಾನ ಹೇಳಲು ಬಂದಿದ್ದರು. "ತಿಳೀದ ಆಗೇತಿ, ಮನಸಿಗೆ ಹಚ್ಚಿಕೋಬ್ಯಾಡ" ಅಂದರು. ಹೂಂ ಅಂದೆ. ಅದಾದ ಮೇಲೇ ಪಿಂಛಿಯ ಮಾನ ನನಗೆ ಬಂದದ್ದು. ದೀಕ್ಷೆಯ ದಿನ ನೀನು ಎಲ್ಲರ ಮುಂದೆ ಕೈ ಜೋಡಿಸಿ ಕ್ಷಮೆ ಕೇಳುತ್ತಾ ಬರುತ್ತೀ. ನನ್ನ ಮುಂದೆ ಬಂದು ನಿಂತಾಗ ನಾನೇನು ಹೇಳಲಿ, ಕ್ಷಮಿಸಿದ್ದೇನೆ ಅಂತಲೇ? ನಾನು ಮಂಟಪದ ಹಿಂದೆ ಅಡಿಗೆಯವರ ಜೊತೆ ನೀರು ಸೋಸುತ್ತಾ ಇರುತ್ತೇನೆ, ಅಷ್ಟು ಸಾಕು. ಪಿಂಛಿಯನ್ನು ಕಾಕಾ ಕೊಡಲಿ. ನಾಳೆ ಸಭೆಯಲ್ಲಿ ಎಲ್ಲವನ್ನೂ ಹೇಳಿಬಿಡುತ್ತೇನೆ. ನಿನಗೆ ಬೇರೆಯವರ ಬಾಯಿಂದ ತಿಳಿಯಬಾರದು ಅಂತ ಮೊದಲು ನಿನಗೆ ಬರೆದಿದ್ದೇನೆ.

ಅಲ್ಲಿಯ ತಾಯಂದಿರಿಗೆಲ್ಲ ನಮ್ಮ ವಂದನೆ ತಿಳಿಸು. ಎಣ್ಣೆಯನ್ನು ಸ್ವಲ್ಪವಾದರೂ ನಿನ್ನ ಕಾಲಿಗೆ ಹಚ್ಚಿಕೋ. ಆಶೀರ್ವಾದ ಕೇಳುವ ಮುಖ ನನಗಿಲ್ಲ, ಕುಸುಮಳಿಗೆ ಮಾತ್ರ ಮಾಡು.

ನಿನ್ನ ತಮ್ಮ,
ಧನಪಾಲ

ತಾ.ಕ.: ಗುರುವಾರ. ಲಕೋಟೆ ಅಂಟಿಸಿರಲಿಲ್ಲ, ಒಳ್ಳೆಯದಾಯಿತು. ಈಗಷ್ಟೇ ಸಭೆಯಿಂದ ಬಂದೆ, ಟಪಾಲು ಹೋಗುವ ಹೊತ್ತಾಗಿದೆ. ಎಲ್ಲರ ಎದುರು ಎದ್ದು ನಿಂತು, ಬೆಂಕಿ ಹಚ್ಚುವ ಮೊದಲೇ ನಾನು ಚಿರತೆಯನ್ನೂ ಮರಿಯನ್ನೂ ಕಣ್ಣಾರೆ ನೋಡಿದ್ದೆ ಅಂತ ಹೇಳಿದೆ. ಆಮೇಲೆ ಕಾಕಾ, "ಕಡೀಕ ನೀನೂ ನೋಡಿದಿ ಅನ್ನಪಾ! ಊರಾಗ ನೀ ಒಬ್ಬಾಂವ ಉಳದಿದ್ದಿ" ಅಂದರು. ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಖರೇನೇ ನೋಡೇನಿ ಅಂದಷ್ಟೂ ಹೆಚ್ಚು ನಕ್ಕರು. ಅಕ್ಕ ಹೋಗುತ್ತಾಳೆ ಅಂತ ಮನಸ್ಸು ಮೆತ್ತಗಾಗಿದೆ ಅಂತ ಬೆನ್ನು ತಟ್ಟಿ ಚಹಾ ಕುಡಿಸಿದರು. ಪಿಂಛಿ ನಾನೇ ಕೊಡಬೇಕಂತೆ, ಅದು ಬದಲಾಗಿಲ್ಲ. ಹೆಂಗಸರ ಕಡೆ ಕೂತಿದ್ದ ಕುಸುಮ ಮಾತ್ರ ನಗಲಿಲ್ಲ. ಮನೆಗೆ ಬಂದವಳು ಹೊಲದ ಕಡೆಯ ಬಾಗಿಲು ತೆರೆದಿಟ್ಟು, ಆ ಸಪ್ಪಳ ಕೇಳಲು ಹೊತ್ತು ಇಳಿಯುವುದನ್ನು ಕಾಯುತ್ತಾ ಕೂತಿದ್ದಾಳೆ. ಅಕ್ಕಾ, ನೀನೂ ನಂಬು. ಇವರು ನನ್ನನ್ನು ಹಿಡಿದು ತಂದು ನಿನ್ನ ಎದುರು ನಿಲ್ಲಿಸಿಯೇ ನಿಲ್ಲಿಸುತ್ತಾರೆ. ಆಗ ನೀನು ಕೈ ಚಾಚಬೇಡ.