ಎಂಜಿನ್ ಇಳಿಸಿದ ಟ್ರ್ಯಾಕ್ಟರ್

ನವೆಂಬರ್ 6

ತ್ರೀ ಫೇಸ್ ಕರೆಂಟ್ ಬಂದ ಕೂಡಲೇ ಟ್ರ್ಯಾಕ್ಟರ್ ಚಾರ್ಜಿಗೆ ಹಾಕಿದೆ. ಆಮೇಲೆ ಚಹಾ. ದ್ರಾಕ್ಷಿ ಹೂವಿಗೆ ಬಂದಿದೆ. ಸಾಲುಗಳಲ್ಲಿ ಔಷಧಿ ಹೊಡೆದು ಬಂದೆ — ಹೊಗೆ ಇಲ್ಲ, ಬರೀ ಬ್ಲೋವರ್ ಫ್ಯಾನಿನ ಗಾಳಿ. ನಮ್ಮ ಯಜಮಾನರು ಸಾಲಿನ ತುದಿಯಲ್ಲಿ ನಿಂತು ನೋಡಿದರು. ಕೆಮ್ಮಲಿಲ್ಲ.

ಹೋದ ವರ್ಷ ಬಳ್ಳಿ ಚಪ್ಪರದ ಕೆಳಗೆ ಡೀಸೆಲ್ ಹೊಗೆ ಕುಡಿದು, ದಮ್ಮು ಕಟ್ಟಿ, ಸ್ಟಿಯರಿಂಗ್ ಮೇಲೇ ಬಿದ್ದಿದ್ದರು. ಅಥಣಿ ದವಾಖಾನೆ ಮುಟ್ಟುವಷ್ಟರಲ್ಲಿ ತುಟಿ ನೀಲಿ. ಅದಕ್ಕೇ ನಾನು ಹಟ ಹಿಡಿದೆ. ಹಾರೂಗೇರಿಯ ಮೆಕ್ಯಾನಿಕ್ ಅಕೀಬ ಎಂಜಿನ್ ಇಳಿಸಿ ಮೋಟಾರು, ಬ್ಯಾಟರಿ ಕೂರಿಸಿಕೊಟ್ಟ. ಹಳೆಯ ಎಂಜಿನ್ ಅವನ ಗ್ಯಾರೇಜಿನಲ್ಲೇ ಇದೆ.

ನವೆಂಬರ್ 11

ನಿನ್ನೆಯಿಂದ ಜಿಟಿಜಿಟಿ ಮಳೆ. ಕರೆಂಟೂ ಇಲ್ಲ. ಎಲ್ಲೋ ಕಂಬ ಬಿದ್ದಿದೆಯಂತೆ. ಬ್ಯಾಟರಿ ಅರ್ಧವೂ ತುಂಬಿಲ್ಲ. ಹೂವಿನಲ್ಲಿ ನೀರು ನಿಂತರೆ ಡೌನಿ ಎಂಬ ಬೂಷ್ಟು ರೋಗ. ಮಳೆ ಬಿಟ್ಟೊಡನೆ ಔಷಧಿ ಬೀಳಲೇಬೇಕು. ಬೇರೆಯವರ ಟ್ರ್ಯಾಕ್ಟರ್ ಕೇಳುವಂತಿಲ್ಲ. ಎಲ್ಲರ ತೋಟಕ್ಕೂ ಅದೇ ಹೊತ್ತಿಗೆ ಔಷಧಿ ಬೀಳಬೇಕು.

ಮಾವ ಆಡಿಯೇಬಿಟ್ಟರು: "ಎಂಜಿನ್ ಇದ್ದಿದ್ರ ಒಂದ್ ಕ್ಯಾನ್ ಡೀಸೆಲ್ ತಂದು ಹೊಡದ್ ಬಿಡ್ತಿದ್ವಿ."

ಖರೇ ಮಾತು.

ನವೆಂಬರ್ 12, ಮಧ್ಯಾಹ್ನ

ಬೆಳಿಗ್ಗೆ ಮಳೆ ನಿಂತಿತು. ಟ್ರ್ಯಾಕ್ಟರ್ ಹತ್ತಿ ಹೊರಟೆ. ಕೆಸರಿನಲ್ಲಿ ಗಾಲಿ ಹೂಳುತ್ತದೆ. ಕೆಲವೇ ಸಾಲು ಮುಗಿಸುವಷ್ಟರಲ್ಲಿ ಚಾರ್ಜ್ ಕಣ್ಣೆದುರೇ ಇಳಿಯಿತು. ನಿಲ್ಲಿಸಿದೆ. ಅಕೀಬನಿಗೆ ಫೋನ್.

"ವೈನಿ, ಆ ಫ್ಯಾನೇ ಭಾಳ ತಿಂತೈತ್ರಿ. ಮ್ಯಾಲ ಕೆಸರಾಗ ಜಗ್ಗೂದು ಬ್ಯಾರೆ."

"ಗಾಡಿ ಒಂದ್ ಕಡೆ ನಿಲ್ಸಿ, ಫ್ಯಾನ್ ಬಂದ್ ಮಾಡಿ, ಬರೇ ಪಂಪ್ ನಡಿಸಿದ್ರ?"

"ನಡೀತೈತ್ರಿ. ಆದ್ರ ಪೈಪ್ ಹಿಡ್ಕೊಂಡು ಮಂದಿ ಅಡ್ಡಾಡಬೇಕ್ರಿ."

ಮಾವ ಅಟ್ಟದಿಂದ ಹಳೆಯ ಉದ್ದ ಪೈಪು ಇಳಿಸಿದರು. ಬೈಯುತ್ತಲೇ. ಸ್ಪ್ರೇ ಗನ್ ಅವರ ಕೈಯಲ್ಲಿ, ಔಷಧಿ ಕಲಸುವುದು ನಾನು. ಇವರು ಮಾಸ್ಕ್ ಕಟ್ಟಿಕೊಂಡು ಪೈಪ್ ಎಳೆಯಲು ಬಂದರು.

"ನೀವು ಬ್ಯಾಡ್ರಿ."

"ಯಾಕ? ಹೊಗಿ ಎಲ್ಲೈತಿ?"

ಎರಡು ತುತ್ತು ಉಂಡು ಇದನ್ನು ಬರೆದೆ. ಮತ್ತೆ ಹೊರಟೆ.

ಅದೇ ದಿನ, ಸಂಜೆ

ಹೆಗಲು ಸೆಳೆಯುತ್ತಿದೆ. ಹಳ್ಳದ ಕಡೆಯ ಮೂಲೆ ಉಳಿದಿರುವಾಗಲೇ ಬ್ಯಾಟರಿ ಮುಗಿದು ಮೋಟಾರು ನಿಂತಿತು. ಮಾವ ಗನ್ ಝಾಡಿಸಿದರು. ನಾಲ್ಕು ಹನಿ. ಮನೆ ಮುಟ್ಟುವಷ್ಟರಲ್ಲಿ ಮತ್ತೆ ಮಳೆ.

ನವೆಂಬರ್ 19

ಉಳಿದ ಮೂಲೆಗೆ ಡೌನಿ ಬಿದ್ದಿದೆ. ಎಲೆಯಡಿ ಬಿಳಿ ಬೂಷ್ಟು, ಗೊಂಚಲು ಕಂದಿ ಮುರುಟಿವೆ. ಎಲ್ಲ ಕತ್ತರಿಸಿ ಒಯ್ದು ಸುಟ್ಟೆವು. ಹೊಡೆದ ಕಡೆ ಸ್ವಚ್ಛ — ಇವತ್ತಿನವರೆಗೆ. ಡೀಸೆಲ್ ಎಂಜಿನ್ ಇದ್ದರೆ ಆ ಮೂಲೆಯೂ ಉಳಿಯುತ್ತಿತ್ತು. ಇಲ್ಲಿ ಸುಳ್ಳು ಬರೆಯಲಾರೆ.

ಊಟಕ್ಕೆ ಕೂತಾಗ ಇವರು ನನ್ನೆದುರೇ ಅಕೀಬನಿಗೆ ಫೋನ್ ಮಾಡಿದರು. "ನಾಳೆ ಎಂಜಿನ್ ತಗೊಂಡ್ ಬಾ."

ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟೆ. "ತಂದ್ರ ನಾ ಅದನ್ನ ಹತ್ತಂಗಿಲ್ಲ. ನಿಮ್ಮನ್ನೂ ಹತ್ತಾಕ ಬಿಡಂಗಿಲ್ಲ."

"ತ್ವಾಟ ಹೋದ್ರ?"

"ಮೂಲಿ ಹೋತು. ಮತ್ತ ಹಚ್ಚೂಣು. ನಿಮ್ಮನ್ನ ಎಲ್ಲಿಂದ ತರ್ಲಿ?"

ಅತ್ತೆ ಒಲೆಯ ಮುಂದಿನಿಂದ ಎದ್ದು ಹೊರಗೆ ಹೋದರು. ಇವರು ಉಣ್ಣಲಿಲ್ಲ. ನಾನೂ.

ನವೆಂಬರ್ 20, ಬೆಳಿಗ್ಗೆ

ಅಕೀಬ ಟೆಂಪೋ ತಂದು ಅಂಗಳದಲ್ಲಿ ನಿಲ್ಲಿಸಿದ. ಮೇಲೆ ತಾಡಪತ್ರಿ ಹೊದಿಸಿದ ಎಂಜಿನ್. ನಾನು ಹೊಸ್ತಿಲು ಬಿಟ್ಟು ಇಳಿಯಲಿಲ್ಲ.

"ಇಳಿಸ್ಲೇನ್ರಿ ಭರತಣ್ಣ?"

ಇವರು ತಾಡಪತ್ರಿ ಎತ್ತಿ ನೋಡಿದರು. ಬಹಳ ಹೊತ್ತು. ಆಮೇಲೆ ಅದನ್ನೇ ಎಳೆದು ಹಗ್ಗ ಬಿಗಿದರು.

"ವಾಪಸ್ ಒಯ್ಯಿ. ಇನ್ನೊಂದ್ ಬ್ಯಾಟ್ರಿ ಎಲ್ಲಿ ಕೂಡತೈತಿ, ಅದನ್ನ ನೋಡು."

"ಕರೆಂಟ ಇಲ್ದಾಗ ಎರಡ್ ಇದ್ದು ಏನ್ ಮಾಡ್ತಿ?" ಮಾವ ಕಟ್ಟೆಯಿಂದಲೇ ಗದರಿದರು.

"ಅದ್ಕ ಮಳಿ ಬರೂಕಿಂತ ಮೊದ್ಲ ಎರಡೂ ತುಂಬಿ ಇಟ್ಕೊಳ್ಳೂದು, ಅಪ್ಪಾ."

ವಾದ ಇನ್ನೂ ನಡೆದಿದೆ. ಅಕೀಬ ಅಳತೆ ಟೇಪು ಹಿಡಿದು ಟ್ರ್ಯಾಕ್ಟರ್ ಕೆಳಗೆ ತೂರಿದ್ದಾನೆ. ಇವರು ನನ್ನನ್ನು ಕೂಗುತ್ತಿದ್ದಾರೆ, ಟೇಪಿನ ಇನ್ನೊಂದು ತುದಿ ಹಿಡಿ ಅಂತ —