ಇಲಿ ಕಚ್ಚಿದವರ ರಕ್ತಕ್ಕೆ ನಿಮ್ಮ ಕಡತದಲ್ಲಿ ಖಾನೆ ಎಲ್ಲಿದೆ?

ರಕ್ತಪರೀಕ್ಷೆಯ ಕಿಟ್ಟುಗಳಿಗೆ ಅನುಮತಿಯ ಮೊಹರು ಒತ್ತುವ ಮಾನ್ಯ ಮುಖ್ಯಾಧಿಕಾರಿಗಳೇ,

ನಿಮ್ಮ ಮೊಹರು ಬಿದ್ದ ಒಂದು ಕಿಟ್ಟು, ಇಲ್ಲದ ಕ್ಯಾನ್ಸರಿಗಾಗಿ ನನ್ನ ದೇಹದಲ್ಲಿದ್ದ ಗ್ರಂಥಿಯನ್ನು ಕತ್ತರಿಸಿ ಹಾಕಿಸಿತು. ಬರುವ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಅದೇ ಕಿಟ್ಟು ನನ್ನ ಹೆಂಡತಿಯ ತಮ್ಮನನ್ನು ಅದೇ ಮೇಜಿನ ಮೇಲೆ ಮಲಗಿಸಲಿದೆ. ಇವತ್ತು ಗುರುವಾರ. ಕ್ಷೇಮ ವಿಚಾರಿಸಲು ಪುರುಸೊತ್ತಿಲ್ಲ, ಮನ್ನಿಸಬೇಕು.

ನಾನು ಇಲಿ ಸಾಕುವವನು. ಪ್ರಯೋಗಾಲಯಗಳಿಗೆ ಬಿಳಿ ಇಲಿ ಒದಗಿಸುವುದು ನನ್ನ ಕಸುಬು. ಜನ ನನ್ನನ್ನು ಇಲಿ ಸಾಹುಕಾರ ಎನ್ನುತ್ತಾರೆ, ಎದುರಿಗೆ ಗೌರವದಿಂದ, ಹಿಂದಿನಿಂದ ನಗುತ್ತ. ಶಾಲೆ ಏಳನೇ ತರಗತಿಗೇ ನನ್ನ ಕೈಬಿಟ್ಟಿತು. ತಗಡಿನ ಕೊಠಡಿಯಲ್ಲಿ ನಾಲ್ಕು ಪಂಜರ ಇಟ್ಟು ಶುರು ಮಾಡಿದವನ ಹತ್ತಿರ ಈಗ ಆರುನೂರು ಪಂಜರಗಳಿವೆ. ನನ್ನ ದಫ್ತರದಲ್ಲಿ ಮೂರು ಖಾನೆ: ಹುಟ್ಟಿದ್ದು, ಸತ್ತದ್ದು, ಕಚ್ಚಿದ್ದು. ಮೂವತ್ತೊಂದು ವರ್ಷಗಳಲ್ಲಿ ನನಗೆ ಬಿದ್ದ ಕಡಿತ ನಾನೂರ ಹದಿನೆಂಟು. ಹತ್ತೊಂಬತ್ತು ವರ್ಷಗಳಿಂದ ನನ್ನ ಜೊತೆ ದುಡಿಯುವ ಭಾಮೈದನಿಗೆ ಇನ್ನೂರ ಆರು. ಅವನ ಕೈ ನನ್ನದಕ್ಕಿಂತ ಚುರುಕು. ಬೇಡವಾದ ಇಲಿಯನ್ನು ನಾವು ಕೊಲ್ಲುವುದು ಹೀಗೆ: ಕತ್ತಿನ ಮೇಲೆ ಕಡ್ಡಿ ಒತ್ತಿ, ಬಾಲ ಹಿಡಿದು ಒಂದೇ ಎಳೆತ. ಟಕ್. ಸರಿಯಾಗಿ ಎಳೆದರೆ ಇಲಿಗೆ ತಿಳಿಯುವುದೇ ಇಲ್ಲ. ಅರೆಮನಸ್ಸಿನಿಂದ ಎಳೆದರೆ ಅದು ಕಿರುಚುವ ಕಿರುಚು ಹಲ್ಲಿನ ಬೇರಿಗೆ ಇಳಿಯುತ್ತದೆ. ನಾನು ದಯಾವಂತನೆಂದು ಹೇಳಿಕೊಳ್ಳುತ್ತಿಲ್ಲ. ಆದರೆ ನನ್ನ ಕೈಯಲ್ಲಿ ಸತ್ತ ಒಂದೊಂದಕ್ಕೂ ಲೆಕ್ಕವಿದೆ. ನಿಮ್ಮ ಕೈಯಲ್ಲಿ ಹೋದವರ ಲೆಕ್ಕ ಯಾರು ಇಟ್ಟಿದ್ದಾರೆ?

ಕಿಟ್ಟಿನ ವಿಷಯಕ್ಕೆ ಬರುತ್ತೇನೆ. ಪ್ರಾಸ್ಟೇಟ್ ಗ್ರಂಥಿ ರಕ್ತಕ್ಕೆ ಪಿಎಸ್‌ಎ ಎಂಬ ವಸ್ತುವನ್ನು ಬಿಡುತ್ತದಂತೆ. ಅದು ಹೆಚ್ಚಿದ್ದರೆ ಕ್ಯಾನ್ಸರಿನ ಅನುಮಾನ. ಅದನ್ನು ಹಿಡಿಯಲು ಕಿಟ್ಟಿನಲ್ಲಿ ಎರಡು ಪ್ರತಿಕಾಯಗಳಿರುತ್ತವೆ. ಎರಡು ಕೈ ಎಂದುಕೊಳ್ಳಿ. ಒಂದು ಕೈ ಕಳ್ಳನ ಕಾಲರ್ ಹಿಡಿಯಬೇಕು, ಇನ್ನೊಂದು ಅವನ ಮುಖಕ್ಕೆ ದೀಪ ಹಿಡಿಯಬೇಕು. ದೀಪ ಉರಿದಷ್ಟೂ ಅಂಕಿ ಏರುತ್ತದೆ. ಆ ಎರಡೂ ಕೈ ಇಲಿಯವು. ಇಲಿಯ ಹೊಟ್ಟೆಗೆ ಕ್ಯಾನ್ಸರ್ ಗೆಡ್ಡೆಯ ಜೀವಕೋಶಗಳನ್ನು ಚುಚ್ಚಿ, ಹೊಟ್ಟೆ ಬುಗ್ಗೆಯಂತೆ ಊದಿದ ಮೇಲೆ ಸೂಜಿ ಹಾಕಿ ನೀರು ಬಸಿದು ಪ್ರತಿಕಾಯ ಮಾಡುತ್ತಿದ್ದ ಕಾಲದಲ್ಲಿ, ಹಾಗೆ ಊದಿ ಸತ್ತ ಇಲಿಗಳನ್ನು ಕಳಿಸಿದವನು ನಾನೇ. ಈಗ ಮುಖ್ಯ ಮಾತು. ಮೈತುಂಬ ಇಲಿ ಕಚ್ಚಿಸಿಕೊಂಡವನ ರಕ್ತ ಇಲಿಯ ಅಂಶವನ್ನು ವೈರಿಯೆಂದು ಕಲಿತಿರಬಹುದು. ಕಿಟ್ಟಿನ ಎರಡು ಕೈ ಕಂಡ ಕೂಡಲೇ ಅದು ಎರಡನ್ನೂ ಸೇರಿಸಿ ಕಟ್ಟಿಬಿಡುತ್ತದೆ. ಕಳ್ಳನಿಲ್ಲದೆಯೇ ದೀಪ ಉರಿಯುತ್ತದೆ.

ನನ್ನ ದೀಪ ಮೂವತ್ತೆಂಟಕ್ಕೆ ಉರಿಯಿತು. ನಾಲ್ಕರೊಳಗಿದ್ದರೆ ಕ್ಷೇಮ ಎನ್ನುವ ಅಂಕಿ ಅದು. ಹಿಂದಿನಿಂದ ಹನ್ನೆರಡು ಸೂಜಿ ಚುಚ್ಚಿ ಚೂರು ತೆಗೆದರು, ಏನೂ ಸಿಗಲಿಲ್ಲ. ಮತ್ತೆ ಹದಿನೆಂಟು, ಸಿಗಲಿಲ್ಲ. ಮೂರು ದಿನ ರಕ್ತ ಉಚ್ಚೆ ಹೊಯ್ದೆ. “ಸಿಗದಿದ್ದರೂ ಇದೆ, ಅಂಕಿ ನೋಡ್ರೀ” ಎಂದರು ಶಸ್ತ್ರವೈದ್ಯರು. ಗ್ರಂಥಿಯನ್ನೇ ಕಿತ್ತರು. ಕಿತ್ತದ್ದನ್ನು ಹಾಳೆ ಹಾಳೆಯಾಗಿ ಕೊಯ್ದು ನೋಡಿದರು, ಕ್ಯಾನ್ಸರ್ ಇರಲಿಲ್ಲ. ಗ್ರಂಥಿಯೇ ಇಲ್ಲದ ನನ್ನ ರಕ್ತದಲ್ಲಿ ಅಂಕಿ ಮೂವತ್ತೊಂಬತ್ತು! ಹಾಗಾದರೆ ಕ್ಯಾನ್ಸರ್ ಗ್ರಂಥಿಯ ಸುತ್ತ ಹರಡಿದೆ ಎಂದು ಕಿಬ್ಬೊಟ್ಟೆಯನ್ನು ವಿಕಿರಣದಿಂದ ಸುಟ್ಟರು. ನಲವತ್ತೊಂದು. ಬೆಟ್ಟ ಅಗೆದು ಇಲಿ ಹಿಡಿದರು ಎಂಬ ಗಾದೆ ನೀವು ಕೇಳಿರಬೇಕು. ಇಲ್ಲಿ ನನ್ನನ್ನೇ ಅಗೆದರು, ಸಿಕ್ಕಿದ್ದು ಇಲಿಯೇ.

“ನೀವು ಏನು ಕೆಲ್ಸ ಮಾಡ್ತೀರಿ?” ಎರಡು ವರ್ಷಗಳಲ್ಲಿ ಈ ಪ್ರಶ್ನೆ ಕೇಳಿದವರು ಒಬ್ಬರೇ, ಪ್ರಯೋಗಾಲಯದಲ್ಲಿ ರಕ್ತ ನೋಡುವ ಹೆಣ್ಣುಮಗಳು. ಹೇಳಿದೆ. ಆಕೆ ಕೈಯಲ್ಲಿದ್ದ ನಳಿಕೆಯನ್ನು ಮೆಲ್ಲಗೆ ಕೆಳಗಿಟ್ಟಳು. ನನ್ನ ರಕ್ತವನ್ನು ಅರ್ಧಕ್ಕೆ ತೆಳುಮಾಡಿದಳು. ಅಂಕಿ ಅರ್ಧವಾಗಬೇಕಿತ್ತು, ಆಗಲಿಲ್ಲ. ಬೇರೆ ಪ್ರಾಣಿಯ ಪ್ರತಿಕಾಯವಿರುವ ಇನ್ನೊಂದು ಕಿಟ್ಟಿನಲ್ಲಿ ನೋಡಿದಳು, ಸೊನ್ನೆ. “ಅಯ್ಯೋ ಯಜಮಾನ್ರೇ, ಇದನ್ನ ಮೊದಲೇ ಯಾರೂ ಕೇಳ್ಲಿಲ್ವಾ?” ಎಂದಳು. ನಾನು ಕುರ್ಚಿ ಎತ್ತಿ ಗೋಡೆಗೆ ಬಡಿದೆ. ಕುರ್ಚಿ ಮುರಿಯಿತು. ಆಕೆ ಬೈಯಲಿಲ್ಲ, ಇನ್ನೊಂದು ಕುರ್ಚಿ ತಂದು ಕೂರಿಸಿದಳು.

ಆಮೇಲೆ ಅರ್ಜಿ ಹಾಕಿ ನಿಮ್ಮ ಕಡತದ ನಕಲು ತರಿಸಿದೆ. ನಲವತ್ತಮೂರು ಪುಟಗಳ ಪ್ರತಿಕಾಯ ಗುಣಪರೀಕ್ಷೆ! ಅದು ಪಿಎಸ್‌ಎಯ ಯಾವ ಭಾಗ ಹಿಡಿಯುತ್ತದೆ, ಎಷ್ಟು ಬಿಗಿಯಾಗಿ ಹಿಡಿಯುತ್ತದೆ, ಎಷ್ಟು ತಿಂಗಳು ಶೀತಲಪೆಟ್ಟಿಗೆಯಲ್ಲಿ ಕೆಡದೆ ಉಳಿಯುತ್ತದೆ, ಎಲ್ಲ ಇದೆ. ಹೆಣ್ಣು ನೋಡಲು ಹೋದವರೂ ಇಷ್ಟು ಕೇಳುವುದಿಲ್ಲ. ಎಂಟನೇ ಖಾನೆಗೆ ಬಂದೆ. ‘ಇಲಿಗಳ ಸಂಪರ್ಕವಿರುವವರ ರಕ್ತದಲ್ಲಿ ಪರೀಕ್ಷಿಸಲಾಗಿದೆಯೇ?’ ಎದುರಿಗೆ ಟೈಪು ಮಾಡಿದ ಒಂದೇ ಪದ: ‘ಅನ್ವಯಿಸುವುದಿಲ್ಲ.’ ಕೆಳಗೆ ಹಸಿರು ಶಾಯಿಯಲ್ಲಿ ನಿಮ್ಮ ಸಹಿ. ಯಾರಿಗೆ ಅನ್ವಯಿಸುವುದಿಲ್ಲ ಸ್ವಾಮಿ? ಇಲಿಯಿಂದ ಮಾಡಿದ ಕಿಟ್ಟು, ಇಲಿ ಸಾಕಿದವನಿಗೆ ಅನ್ವಯಿಸುವುದಿಲ್ಲವೇ? ಆ ಸಹಿ ಹಾಕಲು ನಿಮಗೆ ಎಷ್ಟು ಹೊತ್ತು ಹಿಡಿಯಿತು? ನನ್ನ ಶಸ್ತ್ರಚಿಕಿತ್ಸೆಗೆ ನಾಲ್ಕು ಗಂಟೆ ಹಿಡಿಯಿತು.

ಈಗ ಭಾಮೈದನ ಅಂಕಿ ಇಪ್ಪತ್ತೊಂಬತ್ತು. ಮಂಗಳವಾರ ವಾರ್ಡಿಗೆ ಹೋದೆ. ಸಹಿ ಹಾಕಬೇಡ, ಮೊದಲು ಇನ್ನೊಂದು ಕಿಟ್ಟಿನಲ್ಲಿ ನೋಡಿಸು ಎಂದೆ.

“ನೀನು ಸುಮ್ನಿರು ಭಾವ. ನಿನ್ದು ತೆಗೆದ್ರು, ಅದಕ್ಕೇ ಇವತ್ತು ಬದುಕಿ ನನ್ ಮುಂದೆ ಭಾಷಣ ಬಿಗೀತಿದೀಯ.”

“ಲೋ, ನನ್ಗೆ ಏನೂ ಇರ್ಲಿಲ್ಲ ಕಣೋ!”

“ಇರ್ಲಿಲ್ಲ ಅಂತ ತೆಗೆದ್ಮೇಲೆ ತಾನೇ ಗೊತ್ತಾಗಿದ್ದು? ನಂದೂ ತೆಗೀಲಿ, ಆಮೇಲೆ ಹೇಳ್ತೀನಿ.”

ಅವನ ಕಾಲರ್ ಹಿಡಿದು ಮಂಚದಿಂದ ಎಳೆದೆ. ನನ್ನ ಅಂಗಿ ಎತ್ತಿ, ಗ್ರಂಥಿ ಕಿತ್ತ ಮೇಲೆ ಉಚ್ಚೆ ನಿಲ್ಲದೆ ಸೊಂಟಕ್ಕೆ ಕಟ್ಟಿಕೊಂಡ ಮೂತ್ರದ ಚೀಲ ತೋರಿಸಿದೆ. “ಇದು ಬೇಕೇನೋ ನಿನ್ಗೆ? ಜೀವನಪೂರ್ತಿ ಹೊರ್ತೀಯಾ?” ಅವನು ಸ್ಟೀಲ್ ಲೋಟ ಬೀಸಿದ. ನನ್ನ ಹಣೆ ಒಡೆಯಿತು, ಏಳು ಹೊಲಿಗೆ. ನಾನು ಅವನ ಮೇಲೆ ಬಿದ್ದೆ. ನನ್ನ ಹೆಂಡತಿ ಓಡಿ ಬಂದು ನನಗೊಂದು, ಅವನಿಗೊಂದು ಕೆನ್ನೆಗೆ ಬಾರಿಸಿದಳು. “ಇಬ್ರೂ ಸಾಯ್ರಿ, ಆದ್ರೆ ಸರಿಯಾದ ಕಾಯಿಲೇಲಿ ಸಾಯ್ರಿ!” ಎಂದು ಅತ್ತಳು. ಅವನೂ ಅತ್ತ. ಅಳುತ್ತಲೇ ಹೇಳಿದ: “ನೀನು ಜೀವಮಾನ ಎಲ್ಲಾ ಮಾತಲ್ಲೇ ಮಂಟಪ ಕಟ್ದೋನು, ನಿನ್ನ ಹೆಂಗೆ ನಂಬ್ಲಿ? ಮೊಹರಿರೋ ಕಾಗ್ದ ತಾ, ಇನ್ನೊಂದ್ಸಲ ರಕ್ತ ಕೊಡ್ತೀನಿ.”

ಶಸ್ತ್ರವೈದ್ಯರದೂ ಅದೇ ರಾಗ. ಬೇರೆ ಕಿಟ್ಟು ನಿಮ್ಮ ಅನುಮತಿ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿಲ್ಲದ ಸೊನ್ನೆಗಿಂತ ಪಟ್ಟಿಯಲ್ಲಿರುವ ಇಪ್ಪತ್ತೊಂಬತ್ತೇ ಮೇಲು.

ಒಂದು ಮಾತು ಪ್ರಾಮಾಣಿಕವಾಗಿ ಹೇಳುತ್ತೇನೆ. ನನ್ನ ಭಾಮೈದನಿಗೆ ನಿಜವಾಗಿಯೂ ಕ್ಯಾನ್ಸರ್ ಇರಬಹುದು. ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ನಾನು ಹಣೆ ಒಡೆಸಿಕೊಂಡೆ, ನೀವು ಮೊಹರು ಒತ್ತಿದಿರಿ. ಅವನನ್ನು ಆ ಇಲಿಮನೆಗೆ ಕೈಹಿಡಿದು ಕರೆತಂದವನು ನಾನು. ಇನ್ನೂರ ಆರು ಕಡಿತಗಳೂ ನನ್ನ ಸೂರಿನಡಿಯಲ್ಲಿ ಬಿದ್ದವು. ಕತ್ತು ಮುರಿಯುವುದು ಹೇಗೆಂದು ಅವನಿಗೆ ಕಲಿಸಿದ ಕೈ ಇದು. ನಿಮ್ಮ ಹೆಸರು ಕೇಳಿದಾಗೆಲ್ಲ ಈ ಕೈ ಕಡ್ಡಿ ಹುಡುಕುತ್ತದೆ. ಬೆದರಿಕೆಯೆಂದು ತಿಳಿಯಬೇಡಿ, ಅದಕ್ಕೆ ಗೊತ್ತಿರುವುದು ಬೆರಳು ದಪ್ಪದ ಕತ್ತು ಮಾತ್ರ, ಅದಕ್ಕೇ ಪೆನ್ನು ಹಿಡಿಸಿದ್ದೇನೆ.

ನನ್ನ ಬೇಡಿಕೆ ಒಂದು ಸಾಲಿನದು. ‘ಇಲಿಗಳೊಂದಿಗೆ ಕೆಲಸ ಮಾಡುವವರ ಪಿಎಸ್‌ಎ ಅಂಕಿಯನ್ನು ಬೇರೆ ಪ್ರಾಣಿಯ ಪ್ರತಿಕಾಯದಲ್ಲಿ ಮತ್ತೊಮ್ಮೆ ನೋಡದೆ ಕತ್ತಿ ಇಡಬಾರದು.’ ಇಷ್ಟು ಬರೆದು ಮೊಹರು ಒತ್ತಿ, ಸೋಮವಾರ ಎಂಟರೊಳಗೆ ವಾರ್ಡಿಗೆ ಮುಟ್ಟಿಸಿ. ಎಂಟನೇ ಖಾನೆಯನ್ನು ಆಮೇಲೆ ನಿಧಾನವಾಗಿ ತಿದ್ದಿಕೊಳ್ಳಿ, ನಿಮ್ಮ ಪೆನ್ನಿನಲ್ಲಿ ಹಸಿರು ಶಾಯಿ ಇನ್ನೂ ಒಣಗಿರಲಾರದು.

ನನ್ನ ದಫ್ತರದಲ್ಲಿ ನಾಲ್ಕನೇ ಖಾನೆ ಎಳೆದಿದ್ದೇನೆ: ಕೊಯ್ದದ್ದು. ಮೊದಲ ಸಾಲಿನಲ್ಲಿ ನಾನಿದ್ದೇನೆ. ಎರಡನೇ ಸಾಲು ಖಾಲಿ. ಸೋಮವಾರ ನಿಮ್ಮ ಕಾಗದ ಬಾರದಿದ್ದರೆ ಶಸ್ತ್ರಚಿಕಿತ್ಸೆಯ ಬಾಗಿಲಿಗೆ ಅಡ್ಡ ನಿಲ್ಲುತ್ತೇನೆ. ಅವನು ಮತ್ತೆ ಹೊಡೆಯುತ್ತಾನೆ, ಗೊತ್ತು. ಹೊಡೆಯಲಿ. ಇನ್ನೊಂದು ಲೋಟಕ್ಕೆ ಹಣೆಯಲ್ಲಿ ಜಾಗವಿದೆ.

ಇಂತಿ,
ನಾನೂರ ಹದಿನೆಂಟು ಬಾರಿ ಕಚ್ಚಿಸಿಕೊಂಡರೂ
ತಮಗೆ ಅನ್ವಯಿಸದವನು